ಬಟ್ಟೆ ಒಣಗಿಸುವ ಯಂತ್ರವೂ ಬೆಂಕಿಯ ಭಯವೂ

ಸಾಂಗ್ಲಿ ಪೇಟೆಯಿಂದ ಆಯರ್ವಿನ್ ಸೇತುವೆ ದಾಟಿದರೆ ಕೃಷ್ಣಾ ನದಿಯ ಆಚೆ ದಡದಲ್ಲಿ ಸಾಂಗ್ಲಿವಾಡಿ. ಸೇತುವೆಯ ಬಳಿ ನೀರು 45 ಅಡಿ ಮುಟ್ಟಿದರೆ ಅಪಾಯವೆಂದು ಲೆಕ್ಕ. 2019ರ ಆಗಸ್ಟಿನಲ್ಲಿ ಅದು 57 ಅಡಿ ದಾಟಿತ್ತು. 2021ರ ಜುಲೈಯಲ್ಲಿ ಮತ್ತೆ ನೆರೆ. ನೆರೆ ಇಳಿದೊಡನೆ ಮಂತ್ರಿಗಳೂ ಪತ್ರಿಕೆಯವರೂ ಮರಳುತ್ತಾರೆ. ಉಳಿಯುವುದು ಕೆಸರು ಮತ್ತು ಮನೆತುಂಬ ಒದ್ದೆ ಬಟ್ಟೆ. ಬಿಸಿಲಿಲ್ಲದ ದಿನಗಳಲ್ಲಿ ಹಾಸಿಗೆ ಹೊದಿಕೆ ಒಣಗಿಸುವ ಕಷ್ಟವನ್ನು ಆಟಿಯ ಮಳೆ ಕಂಡ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಒಲೆಯ ಮೇಲಣ ಅಟ್ಟ, ಬಚ್ಚಲ ಒಲೆಯ ಪಕ್ಕದ ಬಿದಿರ ಗಳ ಈ ಕೆಲಸ ಮಾಡುತ್ತಿದ್ದವು. ಈಗ ವಿದ್ಯುತ್ತಿನ ಡ್ರೈಯರ್ ಬಂದಿದೆ. ಅದು ಬೇಡವೆಂದು ನಾವು ಹೇಳುವುದಿಲ್ಲ. ಎಳೆಗೂಸು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ ಅದು ದೊಡ್ಡ ಉಪಕಾರವೇ. ಆದರೆ ಕಂತಿನ ಲೆಕ್ಕವನ್ನು ಬಾಯಿಪಾಠ ಒಪ್ಪಿಸುವ ಅಂಗಡಿಯವನು ಹತ್ತಿಯ ಜುಂಗಿನ ಮಾತನ್ನೇ ಎತ್ತುವುದಿಲ್ಲ.

ಒಣಗುವ ಬಟ್ಟೆಯಿಂದ ಉದುರುವ ಈ ಜುಂಗು ಯಂತ್ರದ ಜಾಲರಿಯಲ್ಲಿ ಕೂಡುತ್ತದೆ. ಅದು ತುಂಬಿದರೆ ಬಿಸಿಗಾಳಿಗೆ ದಾರಿಯಿಲ್ಲದೆ ಕಾವು ಏರುತ್ತದೆ. ಒಣ ಜುಂಗು ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ಅಮೆರಿಕದಲ್ಲಿ 2008ರಿಂದ 2010ರ ವರೆಗೆ ವರ್ಷಕ್ಕೆ ಸುಮಾರು 2,900 ಮನೆಬೆಂಕಿಗಳು ಡ್ರೈಯರಿನಿಂದಲೇ ಆದುವೆಂದು ಅಲ್ಲಿನ ಸರಕಾರಿ ಲೆಕ್ಕ. ಅವುಗಳಿಗೆ ಮೊದಲ ಕಾರಣ ಶುಚಿ ಮಾಡದಿರುವುದು. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಒಂದು ಮನೆಯ ಕೆಟ್ಟ ಡ್ರೈಯರಿನಿಂದ. ಪ್ರತಿ ಸಲ ಬಟ್ಟೆ ತೆಗೆದ ಕೂಡಲೇ ಜಾಲರಿ ಬಿಡಿಸಿ ಒರೆಸಲು ಎರಡು ನಿಮಿಷ ಸಾಕು.

ನಮ್ಮ ಮನೆಗಳಿಗೆ ವಿಶೇಷವಾದ ಇನ್ನೊಂದು ಅಪಾಯವಿದೆ. ಎಣ್ಣೆಸ್ನಾನದ ಪಂಚೆ, ಅಡುಗೆಮನೆಯ ಮಸಿಬಟ್ಟೆ ತೊಳೆದರೂ ಅವುಗಳ ಎಣ್ಣೆ ಪೂರ್ತಿ ಬಿಡುವುದಿಲ್ಲ. ಬಿಸಿಯಾಗಿ ಮುದ್ದೆಗಟ್ಟಿ ಬಿದ್ದಲ್ಲಿ ಅದು ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳಬಲ್ಲದು. ಅಂಥವಕ್ಕೆ ಹಗ್ಗವೇ ಸರಿ.

ಇನ್ನು ಪ್ಲಗ್ಗಿನ ವಿಚಾರ. 2,000 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಗೋಡೆಯ ಸಣ್ಣ ಪ್ಲಗ್ ಇರುವುದು 6 ಆಂಪಿಯರಿಗೆ. ಅದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ರಾತ್ರಿ ಚಾಲೂ ಮಾಡಿ ಮಲಗುವುದನ್ನು ಧೈರ್ಯವೆಂದು ನಾವು ಕರೆಯಲಾರೆವು. ಸಾಂಗ್ಲಿವಾಡಿಯಂತೆ ನೀರು ನುಗ್ಗಿದ ಮನೆಯಾದರೆ, ವಯರಿಂಗನ್ನು ಬಲ್ಲವರು ಪರೀಕ್ಷಿಸುವ ತನಕ ಮೇನ್ ಸ್ವಿಚ್ಚನ್ನೇ ಮುಟ್ಟಬಾರದು. ನೆನೆದ ಯಂತ್ರವನ್ನಂತೂ ಸರ್ವಥಾ ನಡೆಸಬಾರದು.

ಇದನ್ನೆಲ್ಲ ಹೇಳುವ ಕೈಪಿಡಿಗಳು ನಾವು ಕಂಡಂತೆ ಇಂಗ್ಲಿಷಿನಲ್ಲಿವೆ, ಹಿಂದಿಯಲ್ಲಿವೆ. ಮಿರಜ, ಜತ್ತದ ಕನ್ನಡದ ತಾಯಂದಿರಿಗೂ ಮಂಜೇಶ್ವರದವರಿಗೂ ಅವು ಒಂದೇ. ಗ್ರಾಹಕರ ಬಿಲ್ಲಿನೊಂದಿಗೆ ಮಳೆಗಾಲಕ್ಕೆ ಮುಂಚೆ ಒಂದು ಪುಟದ ಕನ್ನಡ ಸೂಚನೆ ಕೊಡಲು ವಿದ್ಯುತ್ ಕಚೇರಿಗಳಿಗೆ ಏನಡ್ಡಿ? ಅಗ್ನಿಶಾಮಕ ದಳದ 101 ಎಂಬ ಸಂಖ್ಯೆಯನ್ನೂ ಅದರಲ್ಲೇ ದಪ್ಪಕ್ಷರದಲ್ಲಿ ಅಚ್ಚುಹಾಕಿಸಲಿ.