ಬೆಲೆ ಹೇಳ್ತೀರಿ, ಮೂಲ ಯಾಕೆ ಹೇಳಲ್ಲ?

ಮ್ಯೂಸಿಯಂನವರು ದುಬಾರಿ ಕಲಾಕೃತಿ ಏನಾದ್ರೂ ಕೊಂಡರೆ ಪೇಪರಲ್ಲಿ ಸುದ್ದಿ ಬರಲಿ ಅಂತ ಓಡಾಡ್ತಾರೆ. ತಪ್ಪೇನಿಲ್ಲ ಬಿಡಿ, ಜನ ಬರಬೇಕಲ್ಲ. ನನ್ನ ತಕರಾರು ಆ ಸುದ್ದಿಯಲ್ಲಿ ಏನಿರಲ್ಲ ಅನ್ನೋದರ ಬಗ್ಗೆ.

1972ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಒಂದು ಗ್ರೀಕ್ ಪಾತ್ರೆ ಕೊಂಡಿತು. ಸುಮಾರು 2500 ವರ್ಷ ಹಳೆಯದು, ಯೂಫ್ರೋನಿಯಸ್ ಚಿತ್ರ ಬರೆದದ್ದು. ಸತ್ತ ವೀರ ಸರ್ಪಿಡಾನನನ್ನು ನಿದ್ರೆ ಮತ್ತು ಸಾವು ಸೇರಿ ಎತ್ತಿಕೊಂಡು ಹೋಗೋ ದೃಶ್ಯ. (ಫೋಟೋದಲ್ಲಿ ನೋಡಿದ್ರೂ ಮೈ ಜುಮ್ ಅನ್ನುತ್ತೆ!) ಬೆಲೆ ಸುಮಾರು 10 ಲಕ್ಷ ಡಾಲರ್. ನಿರ್ದೇಶಕ ಥಾಮಸ್ ಹೋವಿಂಗ್ ಪ್ರಚಾರದಲ್ಲಿ ಪಂಟರು. ಸುದ್ದಿಯನ್ನು ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಮ್ಯಾಗಜೀನಿಗೆ ಕೊಟ್ಟರು, ನವೆಂಬರಲ್ಲಿ ಮುಖಪುಟ ಲೇಖನ ಬಂತು. ಮಾರಿದ್ದು ಯಾರು? ಅದು ಮಾತ್ರ ಗುಟ್ಟು.

ಮಜಾ ನೋಡಿ, ಮೂರೇ ತಿಂಗಳಲ್ಲಿ ಅದೇ ಪತ್ರಿಕೆಯ ವರದಿಗಾರ ನಿಕೊಲಸ್ ಗೇಜ್ ಇಟಲಿ ಸುತ್ತಿ ಬಂದು, ಇದು ರೋಮ್ ಹತ್ತಿರದ ಹಳೇ ಗೋರಿ ಅಗೆದು ಕದ್ದ ಮಾಲು ಅಂತ ಬರೆದರು. ಮ್ಯೂಸಿಯಂ ಒಪ್ಪಲಿಲ್ಲ. ಪಾತ್ರೆ ಇಟಲಿಗೆ ವಾಪಸ್ ಹೋಗಿದ್ದು 2008ರಲ್ಲಿ!

ಅದೆಲ್ಲಾ ಹಳೇ ಕಾಲ ಅಂತೀರಾ? ಅದೇ 2008ರಲ್ಲಿ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ, ಸುಭಾಷ್ ಕಪೂರ್ ಅನ್ನೋ ವ್ಯಾಪಾರಿಯಿಂದ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಚೋಳರ ಕಾಲದ ನಟರಾಜನನ್ನು ತಂದು ಹೆಮ್ಮೆಯಿಂದ ನಿಲ್ಲಿಸಿತು. ಅದು ತಮಿಳುನಾಡಿನ ಶ್ರೀಪುರಂತಾನ್ ದೇವಸ್ಥಾನದಿಂದ ಕದ್ದದ್ದು. ಮೂರ್ತಿ ಭಾರತ ಬಿಟ್ಟು ದಶಕಗಳೇ ಆಗಿದ್ದವು ಅನ್ನೋ ಕಾಗದ ನಕಲಿ. ಕಳ್ಳತನ ಬಯಲಾಗೋಕೆ ನೆರವಾಗಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೇ ಫೋಟೋಗಳು. 2013ರಲ್ಲಿ ಅವನ್ನು ಹೋಲಿಸಿ ತೋರಿಸಿದ್ದು ಜೇಸನ್ ಫೆಲ್ಚ್ ಅವರ ಬ್ಲಾಗು. ಹೌದು, ನಮ್ಮ ನಿಮ್ಮಂತಾ ಬ್ಲಾಗು :) ಮೂರ್ತಿ 2014ರಲ್ಲಿ ವಾಪಸ್ ಬಂತು.

ಮಾರೋರು ಹೆಸರು ಹೇಳಬೇಡಿ ಅಂತಾರೆ, ಏನ್ಮಾಡೋದು ಅನ್ನೋ ವಾದ ಇದೆ. ಹಾಗಾದ್ರೆ ಕೊಳ್ಳಬೇಡಿ ಸ್ವಾಮಿ! ನಮ್ಮ ಆಫೀಸಲ್ಲಿ ಎರಡು ಸಾಲು ಕೋಡ್ ಬದಲಿಸಿದ್ರೂ ಯಾರು, ಯಾವಾಗ, ಯಾಕೆ ಅಂತ ದಾಖಲಾಗುತ್ತೆ. ಸಾವಿರ ವರ್ಷದ ದೇವರಿಗೆ ಅಷ್ಟೂ ಬೇಡವಾ?

ಪತ್ರಿಕೆಯವರಿಗೂ ಒಂದು ಮಾತು. ಮ್ಯೂಸಿಯಂ ಕೊಟ್ಟ ಚೆಂದದ ಫೋಟೋ ಹಾಕೋ ಮುಂಚೆ ಖರೀದಿಯ ಕಾಗದ ಕೇಳಿ, ಅದನ್ನೂ ಪಕ್ಕದಲ್ಲೇ ಅಚ್ಚು ಹಾಕಿ. ಆ ನಕಲಿ ಕಾಗದ 2008ರಲ್ಲೇ ಪೇಪರಲ್ಲಿ ಬಂದಿದ್ರೆ, ಪಾಂಡಿಚೇರಿಯ ಫೋಟೋ ಹುಡುಕೋಕೆ ಯಾರಾದ್ರೂ ಅವತ್ತೇ ಹೊರಡ್ತಿದ್ರು.