ತಲೆಯ ಗಾಯ ಮಾಯಿತು, ಆಮೇಲೆ?

ಈ ಸಲದ ಪತ್ರಗಳ ಕಟ್ಟಿನಲ್ಲಿ ಇಳಕಲ್ಲ ಹತ್ತಿರದ ಗುಡೂರಿನಿಂದ ಬಂದದ್ದೊಂದಿದೆ. ಬರೆದವಳು ನೇಕಾರರ ಮನೆಯ ಹೆಣ್ಣುಮಗಳು. ಅದನ್ನು ಓದಿದ ಮೇಲೆ ಉಳಿದವನ್ನೆಲ್ಲ ಪಕ್ಕಕ್ಕಿಟ್ಟೆ. ಉಪ್ಪಿನಕಾಯಿಗೆ ಬೂಸಲು ಬಂತೆಂದು ಬರೆದ ಸೋದರಿಯರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ತಡೆದುಕೊಳ್ಳಿ.

ಆಕೆಯ ಮಗ ಐದನೇ ಇಯತ್ತೆ. ಆರು ತಿಂಗಳ ಹಿಂದೆ ಗಾಳಿಪಟ ಹಾರಿಸುತ್ತ ಮಾಳಿಗೆಯಿಂದ ಬಿದ್ದ. ಎರಡು ದಿನ ಎಚ್ಚರವಿರಲಿಲ್ಲ, ಹದಿನೈದು ದಿನ ಆಸ್ಪತ್ರೆ. “ಹೊಲಿಗಿ ಬಿಚ್ಯಾರ, ಕೂದಲಾನೂ ಬಂದಾವ. ನೋಡಿದವರು ಏನೂ ಆಗಿಲ್ಲ ಅಂತಾರ. ಆದ್ರ ಅಕ್ಕಾರ, ಇಂವ ನನ್ನ ಮೊದಲಿನ ಹುಡುಗ ಅಲ್ಲ” ಎನ್ನುತ್ತಾಳೆ. ಮಾತಿಗೆ ಮುಂಚೆ ಸಿಟ್ಟು. ಮಧ್ಯಾಹ್ನವಾದರೆ ತೂಕಡಿಕೆ. ಅಂಗಡಿಗೆ ಕಳಿಸಿದರೆ ಹಾದಿಯಲ್ಲೇ ಮರೆಯುತ್ತಾನೆ. ಮಾಸ್ತರರು ಸೋಮಾರಿ ಎನ್ನುತ್ತಾರೆ, ಅತ್ತೆ ಗಾಳಿ ಸೋಕಿದೆ ಎನ್ನುತ್ತಾರೆ, ಗಂಡ ಶಾಲೆ ಬಿಡಿಸಿ ಕಂಡಿಕೆ ಸುತ್ತಲು ಕೂಡಿಸೋಣ ಎನ್ನುತ್ತಾನೆ. ಕೊನೆಗೊಂದು ಸಾಲು: “ಮೊನ್ನೆ ನಾನೂ ಒಂದು ಏಟು ಹಾಕಿದೆ. ರಾತ್ರಿಯೆಲ್ಲ ನಿದ್ದಿ ಬರಲಿಲ್ಲ. ಅಂವ ಬೇಕಂತ ಮಾಡ್ತಾನೇನ್ರಿ?”

ಇಲ್ಲ ತಂಗಿ, ಬೇಕಂತ ಮಾಡುವುದಿಲ್ಲ. ಮೊದಲು ಇದನ್ನು ನಂಬು. ಏಟು ಹಾಕಿದ್ದಕ್ಕೆ ಕೊರಗುತ್ತ ಕೂಡಬೇಡ, ಇನ್ನು ಮೇಲೆ ಹಾಕಬೇಡ. ತಲೆಗಂತೂ ಯಾರೂ ಕೈ ತಾಗಿಸಕೂಡದು. ಇದನ್ನು ಮಾಸ್ತರರಿಗೂ ಹೇಳು.

ಮೆದುಳು ಮೆತ್ತಗಿನ ವಸ್ತು, ಅದರ ಸುತ್ತಲೂ ಇರುವುದು ಗಟ್ಟಿ ಬುರುಡೆ. ಜೋರಾಗಿ ಬಿದ್ದಾಗ ಅದು ಒಳಗೇ ಅಲುಗಾಡಿ ಬುರುಡೆಗೆ ಬಡಿಯುತ್ತದೆ, ಬಾವು ಬರುತ್ತದೆ, ಒಳಗಿನ ನರದ ಎಳೆಗಳು ಜಗ್ಗಿ ಹರಿಯುತ್ತವೆ. ಮಗ್ಗದ ಮೇಲೆ ಎಳೆ ಹರಿದರೆ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಇಂಥ ಸಣ್ಣ ಹರಿತಗಳು ಎಷ್ಟೋ ಸಲ ಸ್ಕ್ಯಾನಿನಲ್ಲಿಯೂ ಕಾಣುವುದಿಲ್ಲ. ಹಣೆಯ ಹಿಂದಿನ ಭಾಗ ನಮ್ಮ ತಾಳ್ಮೆಯನ್ನೂ ಮುಂದಾಲೋಚನೆಯನ್ನೂ ನೋಡಿಕೊಳ್ಳುತ್ತದೆ. ಅಲ್ಲಿ ಪೆಟ್ಟಾದ ಮಗುವಿಗೆ ಸಿಟ್ಟನ್ನು ತಡೆಯುವ ಕಡಿವಾಣವೇ ಸಡಿಲವಾಗಿರುತ್ತದೆ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ದುಪ್ಪಟ್ಟು ಶ್ರಮ ಬೀಳುವುದರಿಂದ ಬೇಗ ದಣಿಯುತ್ತದೆ.

ಶಾಲೆಯಲ್ಲಿ ಮೋಸ ಹೋಗುವುದು ಇನ್ನೊಂದು ವಿಷಯದಲ್ಲಿ. ಪೆಟ್ಟಿಗೆ ಮುಂಚೆ ಕಲಿತದ್ದು ಬಹುಮಟ್ಟಿಗೆ ಉಳಿದಿರುತ್ತದೆ. ಹೊಸದು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಹುಡುಗ ಹನ್ನೆರಡರ ಮಗ್ಗಿ ಗಡಗಡ ಹೇಳುತ್ತಾನೆ, ಬೆಳಿಗ್ಗೆ ಹೇಳಿಕೊಟ್ಟ ಪಾಠ ಕೇಳಿದರೆ ಸುಮ್ಮನೆ ನಿಲ್ಲುತ್ತಾನೆ. ಇದನ್ನು ಕಂಡವರು ಸೋಗು ಎನ್ನುವುದು ಸಹಜ. ಹುಟ್ಟಿನಿಂದ ನಿಧಾನವಾಗಿರುವ ಮಗುವಿಗೂ ಇವನಿಗೂ ಇನ್ನೊಂದು ವ್ಯತ್ಯಾಸವಿದೆ. ತಾನು ಮೊದಲು ಹೇಗಿದ್ದೆನೆಂಬುದು ಇವನಿಗೆ ಗೊತ್ತು. ಆ ಸಂಕಟವೂ ಸಿಟ್ಟಾಗಿಯೇ ಹೊರಗೆ ಬರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಒಂದು ಸಲಕ್ಕೆ ಒಂದೇ ಮಾತು ಹೇಳಿ. “ಕೈಕಾಲು ತೊಳಕೊಂಡು, ಊಟಾ ಮಾಡಿ, ಪುಸ್ತಕ ತಗೊಂಡು ಕೂಡು” ಎಂದರೆ ಅವನಿಗೆ ಉಳಿಯುವುದು ಕೊನೆಯದೊಂದೇ. ಏಳುವುದು, ಉಣ್ಣುವುದು, ಮಲಗುವುದು ದಿನಾ ಅದೇ ಹೊತ್ತಿಗೆ ನಡೆಯಲಿ. ಗೋಡೆಗೊಂದು ಪಾಟಿ ತೂಗುಹಾಕಿ ದಿನದ ಕೆಲಸ ಬರೆದಿಡಿ, ಮುಗಿದದ್ದನ್ನು ಅವನೇ ಒರೆಸಲಿ. ಚೀಲಕ್ಕೊಂದು ಗೂಟ, ಚಪ್ಪಲಿಗೊಂದು ಮೂಲೆ, ಅವು ಬದಲಾಗಬಾರದು. ಶಾಲೆಯಿಂದ ಬಂದ ಕೂಡಲೇ ಪುಸ್ತಕ ಬೇಡ, ಒಂದು ತಾಸು ಮಲಗಲಿ. ಮಗ್ಗದ ಸದ್ದು, ಟಿವಿ, ಬಂದವರ ಮಾತು ಎಲ್ಲ ಒಟ್ಟಿಗೆ ಕಿವಿಗೆ ಬಿದ್ದರೆ ಇಂಥ ಮಕ್ಕಳಿಗೆ ತಲೆ ಸಿಡಿಯುತ್ತದೆ. ಓದಲು ಹಿತ್ತಲ ಕಡೆಯ ಕೋಣೆ ಮಾಡಿಕೊಡಿ. ಸಿಟ್ಟು ಏರಿದಾಗ ವಾದಕ್ಕಿಳಿಯಬೇಡಿ, ಇಳಿದ ಮೇಲೆ ಮಾತಾಡಿ. ಹೆಚ್ಚಾಗಿ ಯಾವ ಹೊತ್ತಿಗೆ ಸಿಟ್ಟು ಬರುತ್ತದೆಂದು ಒಂದು ವಾರ ಬರೆದಿಟ್ಟು ನೋಡಿ. ಹಸಿವೆ, ದಣಿವು, ಗದ್ದಲ, ಈ ಮೂರರಲ್ಲೊಂದು ಸಿಕ್ಕೇ ಸಿಗುತ್ತದೆ.

ಮೆದುಳಿಗೆಂದು ದುಬಾರಿ ಟಾನಿಕ್ಕು ತರಬೇಡಿ. ರೊಟ್ಟಿ, ಕಾಳುಪಲ್ಯ, ಮೊಸರು, ಗಡದ್ದಾಗಿ ನಿದ್ದೆ ಇದ್ದರೆ ಸಾಕು. ಫಿಟ್ಸಿನ ಮಾತ್ರೆ ಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಡಾಕ್ಟರು ಹೂಂ ಅನ್ನುವವರೆಗೆ ಪಂಚಮಿಯ ಜೋಕಾಲಿ, ಮರ, ಸೈಕಲ್ಲು ಯಾವುದೂ ಬೇಡ. ಮಾಯುತ್ತಿರುವ ತಲೆಗೆ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಕೆಟ್ಟದ್ದು. ತಲೆನೋವು ಏರುತ್ತಲೇ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಒಂದು ಕಡೆಯ ಕೈಕಾಲು ಸೋತರೆ ಅಂಗಾರ-ತಾಯತ ಎಂದು ಹೊತ್ತು ಕಳೆಯದೆ 108ಕ್ಕೆ ಫೋನು ಮಾಡಿ. ಅತ್ತೆಯವರ ಸಮಾಧಾನಕ್ಕೆ ಹರಕೆ ಹೊತ್ತರೆ ನನ್ನದೇನೂ ತಕರಾರಿಲ್ಲ. ಅದು ಆಸ್ಪತ್ರೆಯಿಂದ ಬಂದ ಮೇಲೆ.

ಇನ್ನು ಶಾಲೆ. ಬಿಡಿಸಬೇಡ ತಂಗಿ. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಚೇತರಿಕೆ ಜೋರು, ಆಮೇಲೆ ನಿಧಾನ, ಆದರೆ ವರ್ಷಗಳವರೆಗೂ ನಡೆದಿರುತ್ತದೆ. ಡಾಕ್ಟರ ಚೀಟಿ ಹಿಡಿದು ಹೆಡ್‌ಮಾಸ್ತರರ ಹತ್ತಿರ ನೀನೂ ಗಂಡನೂ ಕೂಡಿಯೇ ಹೋಗಿ. ಜಗಳಕ್ಕೆ ಹೋಗಬೇಡಿ, ವಿಷಯ ತಿಳಿಸಲು ಹೋಗಿ. ಕೆಲವು ವಾರ ಅರ್ಧ ದಿನ ಕಳಿಸುತ್ತೇವೆ ಎನ್ನಿ. ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂಡಿಸಲಿ. ಹತ್ತು ಲೆಕ್ಕದ ಬದಲು ನಾಲ್ಕು ಕೊಡಲಿ. ಹಲಗೆಯಿಂದ ಬರೆದುಕೊಳ್ಳುವುದು ತಪ್ಪಿದರೆ ಗೆಳೆಯನ ನೋಟುಬುಕ್ಕು ಕೊಡಿಸಲಿ, ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಲಿ. ಈಗಲೇ ಹೇಳಿಡುತ್ತೇನೆ, ಕೆಲವು ಕೊರತೆ ಎರಡು-ಮೂರು ವರ್ಷ ಕಳೆದು, ಪಾಠ ಕಠಿಣವಾದಾಗ ಕಾಣಿಸಿಕೊಳ್ಳುತ್ತವೆ. ಆಸ್ಪತ್ರೆಯ ಕಾಗದಗಳನ್ನು ಟ್ರಂಕಿನಲ್ಲಿ ಭದ್ರವಾಗಿಡು. ಹೊಸ ಮಾಸ್ತರರಿಗೆ ಹಳೆಯ ಪೆಟ್ಟು ಗೊತ್ತಿರುವುದಿಲ್ಲ.

ಕಾನೂನೂ ಸ್ವಲ್ಪ ತಿಳಿದಿರಲಿ. ಅಮೆರಿಕದ ವಿಶೇಷ ಶಿಕ್ಷಣದ ಕಾನೂನಿನಲ್ಲಿ 1990ರಲ್ಲೇ ತಲೆಪೆಟ್ಟಿನ ಮಕ್ಕಳನ್ನು ಬೇರೆಯೇ ಗುಂಪಾಗಿ ಹೆಸರಿಸಿದರು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆ ಹೆಸರಿಲ್ಲ. ಇದು ಸರಿಯಲ್ಲವೆಂದು ನನ್ನ ಅನಿಸಿಕೆ. ಆದರೂ ಪೆಟ್ಟಿನಿಂದ ಕೈಕಾಲು, ಮಾತು, ಬುದ್ಧಿಶಕ್ತಿಗೆ ಉಳಿದ ಊನವನ್ನು ಅಳೆದು ಪ್ರಮಾಣಪತ್ರ ಕೊಡಲು ಬರುತ್ತದೆ. ಅದು ನೂರಕ್ಕೆ 40 ಮುಟ್ಟಿದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ತಾಲೂಕಿನ ಬಿ.ಆರ್.ಸಿ. ಕಚೇರಿಯಲ್ಲಿ ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ. ತಪಾಸಣೆಗೆ ಬಾಗಲಕೋಟೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಸಿಟ್ಟು, ನೆನಪಿನ ತೊಂದರೆ ಹೆಚ್ಚಾಗಿದ್ದರೆ ಧಾರವಾಡದ ಡಿಮ್ಹಾನ್ಸ್, ಅದಕ್ಕೂ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಉಳಿದ ಸೋದರಿಯರಿಗೊಂದು ಮಾತು. ಬನಶಂಕರಿ ಜಾತ್ರೆಗೆ ಬೈಕಿನ ಟಾಕಿಯ ಮೇಲೆ ಮಗುವನ್ನು ಕೂಡಿಸಿಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಎದೆ ಡವಡವ ಎನ್ನುತ್ತದೆ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ಟು ಬೇಕೆಂದು 2019ರಲ್ಲೇ ಕಾನೂನು ತಿದ್ದಿದ್ದಾರೆ. ಮಾಳಿಗೆಗೊಂದು ಕಟ್ಟೆಯನ್ನೂ ಕಟ್ಟಿಸಿ.

ಗುಡೂರಿನ ತಂಗಿ, ಕಂಡಿಕೆ ಸುತ್ತುವ ಕೆಲಸ ಅವನಿಗೆ ಇಷ್ಟವಾದರೆ ಸಂಜೆ ಅರ್ಧ ತಾಸು ಸುತ್ತಲಿ. ಕೈಗೂ ಗಮನಕ್ಕೂ ಒಳ್ಳೆಯದು. ಬೆಳಿಗ್ಗೆ ಮಾತ್ರ ಚೀಲ ಹಾಕಿ ಶಾಲೆಗೇ ಕಳಿಸು. ಹೆಡ್‌ಮಾಸ್ತರರು ಏನಂದರೆಂದು ಬರಿ, ಕಾಯುತ್ತಿರುತ್ತೇನೆ.