ಅಪರಿಚಿತರೂ ಹತ್ತಬಲ್ಲ ಬಸ್ಸು

ವಿದೇಶಿ ಪ್ರವಾಸಿಗರಿಗೆ ನಮ್ಮ ನಾಡನ್ನು ತೋರಿಸುವ ಮಾತು ಬಂದಾಗಲೆಲ್ಲ ಚರ್ಚೆ ಅರಮನೆ, ಹೋಟೆಲು, ವಿಮಾನ ನಿಲ್ದಾಣಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವರು ಯಾರ ಹಂಗೂ ಇಲ್ಲದೆ ಬಸ್ಸು ಹತ್ತಿ ಒಂದು ಹಳ್ಳಿಗೆ ಹೋಗಿಬರಲು ಸಾಧ್ಯವೇ ಎಂದು ಕೇಳುವವರು ಕಡಿಮೆ. ನನಗೆ ಆ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಬಸ್ಸುಗಳು ಯಾರಿಗಾಗಿ ಓಡುತ್ತಿವೆ ಎಂಬುದನ್ನೂ ಅದು ಕೇಳುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಪ್ರವಾಸಿಗರು ಇಂದು ಮಂಡ್ಯ ಜಿಲ್ಲೆಯನ್ನು ದಾಟುತ್ತಾರೆ, ನೋಡುವುದಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ಎರಡನ್ನೂ ಬದಿಗಿಟ್ಟು ಸಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಜೀವ ಉಳಿಸುವ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಕಬ್ಬಿನ ಲೋಡು ಹೊತ್ತ ಒಂದು ಟ್ರ್ಯಾಕ್ಟರನ್ನೂ ಹತ್ತಿರದಿಂದ ಕಾಣದವರು ಸಕ್ಕರೆಯ ಜಿಲ್ಲೆಯನ್ನು ಕಂಡಂತಾಗುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಮುಂದೆ ಇಳಿದು ಫೋಟೊ ತೆಗೆದುಕೊಂಡರೆ ಟಿಪ್ಪುವಿನ ಕಾಲದ ಒಂದು ಕುರುಹು ಸಿಗುತ್ತದೆ. ಈಗಿನವರ ಬದುಕು ಸಿಗಬೇಕಾದರೆ ಒಳದಾರಿ ಹಿಡಿಯಬೇಕು.

ಇದೇ ಸೀಮೆಯನ್ನು 1800ರಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್‌ನನ್ನು ನೆನೆಯಬಹುದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇಲೆ ಹೊರಟ ಆತ ಊರೂರಿನಲ್ಲಿ ತಂಗಿ, ಮಣ್ಣು, ಬೆಳೆ, ಕೆರೆ, ಕಸುಬುಗಳನ್ನು ವಿಚಾರಿಸಿ ಬರೆದುಕೊಂಡ. ಆ ಬರಹ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ನಿಧಾನವಾಗಿ ನಡೆದದ್ದರಿಂದಲೇ ಆತನಿಗೆ ಅಷ್ಟು ಕಂಡಿತು. ಆದರೆ ಆತ ಬಂದದ್ದು ಟಿಪ್ಪುವನ್ನು ಗೆದ್ದ ಬ್ರಿಟಿಷರ ಕಡೆಯಿಂದ. ಮುಂದೆ ನಿಂತು ಉತ್ತರ ಕೊಟ್ಟ ರೈತನಿಗೆ ಮರುಪ್ರಶ್ನೆ ಹಾಕುವ ಸಲಿಗೆ ಎಲ್ಲಿಂದ ಬರಬೇಕು? ಇಂದು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತ ರೈತನಿಗೆ ಆ ಸಲಿಗೆ ಇದೆ. ಬಸ್ಸು ಇಬ್ಬರನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಅದಕ್ಕೇ ನಾನು ಅದನ್ನು ಅರಮನೆಗಿಂತ ಮೇಲೆಂದು ಎಣಿಸುತ್ತೇನೆ.

ಮಂಡ್ಯದಿಂದ ಹೋಬಳಿ ಕೇಂದ್ರವಾದ ಕೊತ್ತತ್ತಿಯ ಕಡೆಗೆ ಹೊರಡುವ ಸಾಮಾನ್ಯ ಬಸ್ಸನ್ನು ನೋಡಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲು, ಚೀಲ ಬಿದ್ದು ಸೀಟು ಹಿಡಿದಾಗಿರುತ್ತದೆ. ಕಂಡಕ್ಟರು ಚಿಲ್ಲರೆ ಇಲ್ಲವೆಂದು ಬಾಕಿಯನ್ನು ಟಿಕೆಟಿನ ಹಿಂದೆ ಗೀಚಿಕೊಡುತ್ತಾರೆ. ಹೆಂಗಸರು ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯುತ್ತಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಫಲ ಅದು. ಬೆನ್ನಿಗೆ ಚೀಲ ಹೊತ್ತ ವಿದೇಶಿ ಹುಡುಗಿಯೊಬ್ಬಳು ಇಲ್ಲಿ ಹತ್ತಿದಳೆನ್ನಿ. ಅವಳು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಾಳೆ. “ಯಾವೂರವ್ವ ನಿಂದು? ಒಬ್ಳೇ ಬಂದ್ಯಾ?” ಎಂಬ ವಿಚಾರಣೆ ಶುರುವಾಗುತ್ತದೆ. ಜಾಗ ಬಿಡುವವರು, ಇಳಿಯುವ ಸ್ಟಾಪು ನೆನಪಿಸುವವರು ತಾವಾಗಿಯೇ ಮುಂದೆ ಬರುತ್ತಾರೆ. ಗದ್ದೆಗೆ, ಕಚೇರಿಗೆ, ಕಾಲೇಜಿಗೆ ಹೊರಟ ಹೆಂಗಸರ ನಡುವೆ ಅರ್ಧ ಗಂಟೆ ಕೂತವಳಿಗೆ ಈ ರಾಜ್ಯದಲ್ಲಿ ಏನು ಬದಲಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೀಗೆಂದು ಹೊಗಳಿ ಸುಮ್ಮನಾಗುವುದು ಸುಲಭ, ಆದರೆ ಅನ್ಯಾಯ. ನೂಕುನುಗ್ಗಲಿನ ಬಸ್ಸು ಒಂದು ದಿನದ ಪ್ರವಾಸಿಗೆ ಅನುಭವ. ಪರೀಕ್ಷೆಗೆ ಹೊರಟ ವಿದ್ಯಾರ್ಥಿನಿಗೆ, ಆಸ್ಪತ್ರೆಗೆ ಹೊರಟ ಮುದುಕರಿಗೆ ಅದು ದಿನನಿತ್ಯದ ಸಂಕಟ. ಬಸ್ಸು ತಪ್ಪಿದರೆ ಪ್ರವಾಸಿಯ ಯೋಜನೆ ಬದಲಾಗುತ್ತದೆ, ಕೂಲಿಯವರ ಸಂಬಳವೇ ಹೋಗುತ್ತದೆ. ಆದ್ದರಿಂದ ಬಡತನದ ತೊಂದರೆಗಳನ್ನು ‘ನಿಜವಾದ ಭಾರತ’ವೆಂದು ಅತಿಥಿಗಳಿಗೆ ಉಣಬಡಿಸುವ ವಾದ ನನ್ನದಲ್ಲ.

ನನ್ನ ವಾದ ಇಷ್ಟೆ: ವಿದೇಶಿಯರು ಎಡವುವ ಜಾಗದಲ್ಲೇ ನಮ್ಮವರೂ ಎಡವುತ್ತಾರೆ. ಆ ವಿದೇಶಿ ಹುಡುಗಿಗೆ ಬಸ್ಸಿನ ಫಲಕ ಓದಲು ಬರುವುದಿಲ್ಲ. ಅಕ್ಷರ ಕಲಿಯದ ನಮ್ಮ ಅಜ್ಜಿಯರಿಗೂ, ಕಣ್ಣು ಮಂಜಾದವರಿಗೂ, ಉತ್ತರದಿಂದ ದುಡಿಯಲು ಬಂದ ಕಾರ್ಮಿಕರಿಗೂ ಬರುವುದಿಲ್ಲ. ಕೇರಳದ ನಿಲ್ದಾಣದಲ್ಲಿ ಮಲಯಾಳಂ ಫಲಕದ ಎದುರು ನಿಂತ ಕನ್ನಡಿಗರ ಪಾಡೂ ಅದೇ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಆಕೆಗೆ ಗೊತ್ತಿಲ್ಲ. ನಿಲ್ದಾಣದಲ್ಲಿ ಕಾದು ನಿಂತ ಊರವರಲ್ಲೂ ಅನೇಕರಿಗೆ ಗೊತ್ತಿರುವುದಿಲ್ಲ. ವ್ಯತ್ಯಾಸವೆಂದರೆ, ಆಕೆ ಗಟ್ಟಿಯಾಗಿ ಕೇಳುತ್ತಾಳೆ, ನಾವು ಹೊಂದಿಕೊಂಡುಬಿಟ್ಟಿದ್ದೇವೆ.

“ಕೇಳಿದರೆ ಯಾರಾದರೂ ಹೇಳುತ್ತಾರಲ್ಲ” ಎಂಬುದು ಇದಕ್ಕೆ ಸಿದ್ಧವಾಗಿರುವ ಉತ್ತರ. ಹೇಳುತ್ತಾರೆ, ನಿಜ. ಆ ಒಳ್ಳೆಯತನ ನಮ್ಮ ಹೆಮ್ಮೆ. ಆದರೆ ಜನರ ಒಳ್ಳೆಯತನವನ್ನು ವ್ಯವಸ್ಥೆಯ ಕೊರತೆಗೆ ತೇಪೆಯಾಗಿ ಬಳಸಬಾರದು. ಕತ್ತಲಾದ ಮೇಲೆ ಒಂಟಿಯಾಗಿ ನಿಂತ ಹೆಣ್ಣುಮಗಳು ಎದುರು ಸಿಕ್ಕಿದ ಅಪರಿಚಿತರನ್ನೆಲ್ಲ ದಾರಿ ಕೇಳುವ ಸ್ಥಿತಿಯಲ್ಲಿರಬಾರದು. ಆಕೆ ಹೊರದೇಶದವಳಾಗಲಿ, ಕೊತ್ತತ್ತಿಯವಳಾಗಲಿ.

ಆಗಬೇಕಾದದ್ದಕ್ಕೆ ಕೋಟಿ ಕೋಟಿ ಬೇಕಿಲ್ಲ. ಬೆಂಗಳೂರು, ಮೈಸೂರಿನ ನಗರ ಬಸ್ಸುಗಳಿಗಿರುವಂತೆ ಹಳ್ಳಿಯ ಬಸ್ಸುಗಳಿಗೂ ದೂರದಿಂದ ಕಾಣುವ ಮಾರ್ಗ ಸಂಖ್ಯೆ ಇರಲಿ. ಫಲಕದಲ್ಲಿ ಕನ್ನಡ ಹಾಗೇ ಮೊದಲ ಸ್ಥಾನದಲ್ಲಿರಲಿ. ಅಂಕಿಯನ್ನು ಎಲ್ಲರೂ ಗುರುತಿಸುತ್ತಾರೆ. ಪ್ರತಿ ನಿಲ್ದಾಣದಲ್ಲಿ ಬಸ್ಸುಗಳ ವೇಳೆ, ವಿಶೇಷವಾಗಿ ಕೊನೆಯ ಬಸ್ಸಿನ ವೇಳೆ, ದಪ್ಪ ಅಕ್ಷರದಲ್ಲಿ ಬರೆದಿರಲಿ. ಸ್ಟಾಪು ಬಂದಾಗ ಊರಿನ ಹೆಸರು ಕೂಗುವ ರೂಢಿ ಎಲ್ಲ ಬಸ್ಸಿನಲ್ಲೂ ನಿಯಮವಾಗಲಿ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆಯನ್ನು ತಾನೇ ನಡೆಸಲು ಇಳಿಯಿತು. ಅಂದಿನಿಂದ ನಾವು ಬಸ್ಸುಗಳನ್ನು ಹೆಚ್ಚಿಸಿದ್ದೇವೆ, ಈಗ ಹೆಣ್ಣುಮಕ್ಕಳಿಗೆ ದರವನ್ನೂ ತೆಗೆದಿದ್ದೇವೆ. ಇನ್ನು ಉಳಿದಿರುವುದು ತಿಳಿಯದೆ ಇರುವುದರ ತೊಡಕನ್ನು ತೆಗೆಯುವ ಕೆಲಸ. ಭಾಷೆ ಬಾರದ ಒಬ್ಬರು ಯಾರನ್ನೂ ಕೇಳದೆ ಕೊತ್ತತ್ತಿಗೆ ಹೋಗಿ ಕತ್ತಲಾಗುವುದರೊಳಗೆ ಮಂಡ್ಯಕ್ಕೆ ಮರಳುವಂತಾದರೆ, ಕೊತ್ತತ್ತಿಯವರ ಅರ್ಧ ತಾಪತ್ರಯ ಅದರ ಜೊತೆಗೇ ತೀರಿರುತ್ತದೆ. ಆಮೇಲೂ ಪಕ್ಕದ ಸೀಟಿನವರು ಮಾತಾಡಿಸಿಯೇ ತೀರುತ್ತಾರೆ. ಅದು ಆಗ ಅನಿವಾರ್ಯಕ್ಕೆ ಆಡುವ ಮಾತಾಗಿರುವುದಿಲ್ಲ, ಮನಸ್ಸಿಗೆ ಬಂದು ಆಡುವ ಮಾತಾಗಿರುತ್ತದೆ.